ನಡುಗುವ ಕೈ, ಮೇಣದ ಹಲ್ಲು

ಮನೆ, ಅಡುಗೆಕೋಣೆಯ ಮೇಜು
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಮುದ್ದು ಪುಟ್ಟೀ,

ಹೇಗಿದ್ದೀಯ? ಕಿವಿನೋವು ಕಡಿಮೆಯಾಯಿತೇ? ನೀರು ಹೊಕ್ಕ ಕಿವಿಯನ್ನು ಹತ್ತಿಕಡ್ಡಿಯಿಂದ ಕೆದಕಬೇಡ ಎಂದು ನೂರು ಸಲ ಹೇಳಿದ್ದೇನೆ. ಶಾಲೆಯ ಮಕ್ಕಳಿಗೆಲ್ಲ ಈಜು ಕಲಿಸುವವಳು, ನೀನು ಮಾತ್ರ ಒದ್ದೆ ತಲೆಯಲ್ಲೇ ಊರೆಲ್ಲ ಸುತ್ತುತ್ತೀಯ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಮ್ಮಪ್ಪ ಚೆನ್ನಾಗಿದ್ದಾರೆ. ಈಗ ಹೊರಗಿನ ಕೋಣೆಯಲ್ಲಿ ಪೇಪರ್ ಓದುತ್ತೇನೆಂದು ಹೇಳಿ, ಅದನ್ನೇ ಮುಖದ ಮೇಲೆ ಹೊದ್ದು ಗೊರಕೆ ಹೊಡೆಯುತ್ತಿದ್ದಾರೆ.

ಫೋನಿರುವಾಗ ಅಮ್ಮನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಬಂತು ಎಂದುಕೊಳ್ಳಬೇಡ. ಫೋನಿನಲ್ಲಿ ನೀನು "ಚೆನ್ನಾಗಿದ್ದೀಯಾ ತಾನೇ?" ಎಂದು ಕೇಳುತ್ತೀಯ, ನಾನು ಹೂಂ ಅನ್ನುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ. ಹೇಳಬೇಕಾದದ್ದು ಬಹಳ ಇದೆ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದೆ, ಸಹಿಸಿಕೊಂಡು ಓದು. ಬೇಸರವಾದರೆ ಎಡಗೈಯನ್ನು ಬಲಗೈ ಮೇಲೆ ಒತ್ತಿ ಹಿಡಿದು ಬರೆಯುತ್ತೇನೆ, ಆಗ ಒಂದೆರಡು ಸಾಲು ನೆಟ್ಟಗೆ ಬರುತ್ತವೆ. ನೀನೇ ನೋಡುತ್ತೀಯ.

ಹೋದ ಸಲ ನೀನು ರಜೆಗೆ ಬಂದಾಗ, ಹೊರಡುವ ದಿನ ಬೆಳಿಗ್ಗೆ ನನ್ನ ಕೈಯಲ್ಲಿದ್ದ ಕಾಫಿ ಲೋಟ ತುಳುಕಿ ನಿನ್ನ ಬ್ಯಾಗಿನ ಮೇಲೆ ಚೆಲ್ಲಿತಲ್ಲ? ನೀನು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡೆ. ನಲ್ಲಿಯ ಸದ್ದಿನಲ್ಲಿ ಅಳು ಕೇಳಿಸುವುದಿಲ್ಲ ಎಂದು ನಿನಗೆ ಹೇಳಿಕೊಟ್ಟವರು ಯಾರೋ. ಹೊರಗೆ ಬಂದು, "ಈ ಮಾತ್ರೆ ನಿನ್ನನ್ನ ಅರ್ಧ ಮಾಡಿಬಿಟ್ಟಿದೆ ಅಮ್ಮಾ. ಬಿಟ್ಟುಬಿಡು. ನಂಗೆ ಮೊದಲಿನ ಅಮ್ಮ ಬೇಕು" ಎಂದೆ. ನಾನು ಬಸ್ಸಿಗೆ ಹೊತ್ತಾಯಿತು ಎಂದು ನಿನ್ನನ್ನು ಹೊರಡಿಸಿದೆ.

ಮೊದಲಿನ ಅಮ್ಮ ಎಂದರೆ ನಿನಗೆ ನೆನಪಿರುವುದು ಯಾರು ಎಂದು ನನಗೆ ಗೊತ್ತು. ಪಾಠದ ಮಧ್ಯೆ ತರಗತಿಯಿಂದ ನಿನ್ನನ್ನು ಎಬ್ಬಿಸಿ ಕರೆದುಕೊಂಡು ಸಮುದ್ರ ತೋರಿಸಲು ಹೊರಟವಳು. ದಾರಿಯುದ್ದಕ್ಕೂ ಬಸ್ಸಿನವರನ್ನೆಲ್ಲ ನಗಿಸಿದವಳು. ಅವಳು ಚಂದ ಇದ್ದಳು, ಇಲ್ಲವೆನ್ನುವುದಿಲ್ಲ. ಆದರೆ ಅವಳು ನಿದ್ದೆ ಬಿಟ್ಟು ವಾರವಾಗಿತ್ತು. ಅದಾದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದವಳು, ನೀನು ತಲೆ ಬಾಚಿಸಿಕೊಳ್ಳಲು ಬಾಚಣಿಗೆ ಹಿಡಿದು ಬಂದು ನಿಂತರೂ ತಿರುಗದವಳು, ಅವಳೂ ಮೊದಲಿನ ಅಮ್ಮನೇ. ಇಬ್ಬರಲ್ಲಿ ಒಬ್ಬಳನ್ನು ಮಾತ್ರ ಆರಿಸಿಕೊಳ್ಳಲು ಬರುವುದಿಲ್ಲವಲ್ಲ ಪುಟ್ಟೀ.

ಮಾತ್ರೆ ನನ್ನನ್ನು ಏನು ಮಾಡಿದೆ ಎಂದು ನಿನಗಿಂತ ನನಗೇ ಚೆನ್ನಾಗಿ ಗೊತ್ತು. ಬಾಯಾರಿಕೆ ಎಂದರೆ ಅಂಥಿಂಥ ಬಾಯಾರಿಕೆಯಲ್ಲ, ನಾಲಿಗೆ ಒಣಗಿ ಅಂಗುಳಕ್ಕೆ ಅಂಟುತ್ತದೆ. ಕುಡಿದ ನೀರೆಲ್ಲ ಹೊರಗೆ ಹೋಗಲೇಬೇಕು. ಎಲ್ಲಿಗೆ ಹೊರಟರೂ ಮೊದಲು ಹುಡುಕುವುದು ಶೌಚಾಲಯ ಎಲ್ಲಿದೆ ಎಂದು. ನಿಮ್ಮಪ್ಪ ನನಗೆ ನೀರಾವರಿ ಇಲಾಖೆ ಎಂದು ಹೆಸರಿಟ್ಟಿದ್ದಾರೆ. ಏನು ತಿಂದರೂ ನಾಲಿಗೆಯ ಮೇಲೆ ಹಳೇ ನಾಣ್ಯ ಇಟ್ಟ ಹಾಗೆ. ಆದರೂ ಮೈ ಮಾತ್ರ ಊದುತ್ತಲೇ ಇದೆ, ಬೀರುವಿನಲ್ಲಿರುವ ಬಟ್ಟೆಗಳೆಲ್ಲ ಬೇರೆ ಯಾರದೋ ಎನಿಸುತ್ತವೆ. ಯಾರಾದರೂ ತಮಾಷೆ ಮಾಡಿದರೆ ಇದು ನಗುವಂಥದ್ದು ಎಂದು ತಿಳಿಯುತ್ತದೆ, ನಗು ಮಾತ್ರ ಬರುವುದಿಲ್ಲ. ಅದು ಬರುವ ಹೊತ್ತಿಗೆ ಎಲ್ಲರೂ ಎದ್ದು ಹೋಗಿರುತ್ತಾರೆ.

ಎಲ್ಲಕ್ಕಿಂತ ಹೊಟ್ಟೆಗೆ ಬೆಂಕಿ ಬೀಳುವುದು ಕೈ ವಿಷಯಕ್ಕೆ. ನಮ್ಮ ಲ್ಯಾಬಿನಲ್ಲಿ ಕಟ್ಟಿಸುವ ಹಲ್ಲು ಮಾಡುವಾಗ ಮುಂದಿನ ಹಲ್ಲುಗಳಿಗೆ ಮೇಣದಲ್ಲಿ ರೂಪ ಕೊಡುತ್ತಿದ್ದವಳು ನಾನೇ ಎಂದು ನಿನಗೆ ಗೊತ್ತು. ಚಿಕ್ಕವಳಿದ್ದಾಗ ನನ್ನ ಮೇಜಿನ ಕೆಳಗೆ ಕೂತು ಬಿದ್ದ ಮೇಣದ ಚೂರುಗಳಿಂದ ಆನೆ ಮಾಡುತ್ತಿದ್ದೆಯಲ್ಲ. ಮುಂದಿನ ಹಲ್ಲು ಸುಲಭದ್ದಲ್ಲ. ತೀರಾ ನೆಟ್ಟಗಿದ್ದರೆ ಸುಳ್ಳು ಹಲ್ಲೆಂದು ದೂರದಿಂದಲೇ ಗೊತ್ತಾಗುತ್ತದೆ. ಒಂದು ಅಂಚು ಒಂದಿಷ್ಟು ಸವೆದಿರಬೇಕು, ಪಕ್ಕದ್ದರ ಮೇಲೆ ಕೂದಲೆಳೆಯಷ್ಟು ವಾಲಿರಬೇಕು. ಆ ಕೂದಲೆಳೆಯಷ್ಟು ಕೊರೆಯುವಾಗ ಚಾಕು ಜಾರುತ್ತಿತ್ತು. ಮತ್ತೆ ಮೇಣ ಕರಗಿಸು, ಮತ್ತೆ ಕೊರೆ. ಯಜಮಾನರು ಒಳ್ಳೆಯವರು. ಒಮ್ಮೆಯೂ ಬೈಯಲಿಲ್ಲ. ಒಂದು ದಿನ ಬಂದು ನೋಡುತ್ತೇನೆ, ನನ್ನ ದೀಪ, ನನ್ನ ಚಾಕು ಎಲ್ಲ ಪಕ್ಕದ ಮೇಜಿನಲ್ಲಿ ಸದಾ ಗೊಣಗುವ ನಮ್ಮ ಗೊಣಗಪ್ಪನ ಮುಂದೆ. ನನ್ನ ಮೇಜಿನ ಮೇಲೆ ಪ್ಲಾಸ್ಟರ್ ಕಲಸುವ ಬಟ್ಟಲು. ಇಷ್ಟು ವರ್ಷದ ಕೆಲಸ ಬಿಟ್ಟು ಅಚ್ಚಿಗೆ ಹಿಟ್ಟು ಸುರಿಯುವುದು. ಹಲ್ಲು ಕಚ್ಚಿಕೊಂಡು ಪ್ಲಾಸ್ಟರ್ ಕಲಸಿದೆ. ನನ್ನ ಹಲ್ಲಾದರೂ ಸ್ವಂತದ್ದು, ಕಚ್ಚಲು ಅಡ್ಡಿಯಿಲ್ಲ.

ಈಗ ನಿನಗೆ ಹೇಳದೆ ಇದ್ದದ್ದನ್ನು ಹೇಳುತ್ತೇನೆ. ಗಾಬರಿಯಾಗಬೇಡ, ಎಲ್ಲ ಮುಗಿದ ಮೇಲೆಯೇ ಬರೆಯುತ್ತಿರುವುದು.

ಹೋದ ತಿಂಗಳು ಬಗ್ಗಿ ಬಗ್ಗಿ ಕತ್ತು ಹಿಡಿದುಕೊಂಡಿತ್ತು. ಅಂಗಡಿಯಲ್ಲಿ ಕೇಳಿ ನೋವಿನ ಮಾತ್ರೆ ತಂದು ನುಂಗಲು ಶುರುಮಾಡಿದೆ. ಎಲ್ಲರೂ ನುಂಗುವ ಮಾತ್ರೆ, ಯಾರನ್ನು ಕೇಳಬೇಕು ಎಂದುಕೊಂಡೆ. ಆ ವಾರ ಸೆಕೆಯೂ ಹಾಗೇ ಇತ್ತು, ಲ್ಯಾಬಿನ ಫ್ಯಾನ್ ಬೇರೆ ಕೆಟ್ಟಿತ್ತು. ಮೊದಲು ಹೊಟ್ಟೆ ಕೆಟ್ಟಿತು, ಆಮೇಲೆ ವಾಂತಿ. ರಜೆ ಹಾಕದೆ ಕೆಲಸಕ್ಕೆ ಹೋದೆ. ಪ್ಲಾಸ್ಟರ್ ಬಟ್ಟಲು ಎತ್ತಲು ಹೋದರೆ ಕೈ ಸಣ್ಣಗೆ ನಡುಗುವುದು ಬಿಟ್ಟು ಬಡಿದುಕೊಳ್ಳಲು ಶುರುವಾಯಿತು. ಎದ್ದು ನಿಂತರೆ ನೆಲ ಓಲಾಡುತ್ತದೆ. ಯಜಮಾನರು ಏನೋ ಕೇಳಿದರು, ನಾನು ಹೇಳಿದ ಉತ್ತರ ನನಗೇ ತೊದಲಾಗಿ ಕೇಳಿಸಿತು. ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಯಾರಿಗೂ ಕೇಳಿಸದ ಹಾಗೆ, "ಕುಡಿದು ಬಂದಿದ್ದೀರಾ?" ಎಂದರು. ಅಳು ಬರಬೇಕಿತ್ತು, ಅದೂ ಬರಲಿಲ್ಲ.

ಗೊಣಗಪ್ಪನೇ ನನ್ನನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು. ದಾರಿಯಲ್ಲೆಲ್ಲ ಟ್ರಾಫಿಕ್ಕಿಗೆ, ಸೆಕೆಗೆ, ಆಟೋದ ಸೀಟಿಗೆ ಗೊಣಗುತ್ತಲೇ ಇದ್ದ, ಪಾಪ. ಅಲ್ಲಿ ಡಾಕ್ಟರು ಅವನ ಎದುರಿಗೇ "ದಿನಾ ಏನಾದ್ರೂ ಮಾತ್ರೆ ತಗೋತೀರಾ?" ಎಂದು ಕೇಳಿದರು. ಇಷ್ಟು ವರ್ಷ ಸಕ್ಕರೆ ಕಾಯಿಲೆಯ ಮಾತ್ರೆ ಎಂದು ಲ್ಯಾಬಿನಲ್ಲಿ ನಂಬಿಸಿದ್ದೆ. ತೊದಲುತ್ತಲೇ ಹೇಳಿದೆ: ಲಿಥಿಯಂ. ಯಾತಕ್ಕೆ ಎಂದರು. ಬೈಪೋಲಾರ್, ಮನಸ್ಸು ಒಮ್ಮೆ ಆಕಾಶಕ್ಕೇರಿ ಒಮ್ಮೆ ಪಾತಾಳಕ್ಕಿಳಿಯುವ ಕಾಯಿಲೆ, ಎಂದೆ. ಎಲ್ಲ ಕೇಳಿಸಿಕೊಂಡು ಗೊಣಗಪ್ಪ ನನ್ನ ಚಪ್ಪಲಿಗಳನ್ನು ಮಂಚದ ಕೆಳಗೆ ಜೋಡಿಸಿಟ್ಟ. ಆಮೇಲೆ, "ಅಷ್ಟೇನಾ? ನಾನೇನೋ ನನ್ನ ಮೇಲೆ ಕೋಪ ಅಂದ್ಕೊಂಡಿದ್ದೆ. ನನ್ನ ಒಂದು ಜೋಕಿಗೂ ನೀವು ನಗಲ್ಲವಲ್ಲ" ಎಂದ. ಅಷ್ಟು ಕಾಲ ಆ ಮನುಷ್ಯ ಅದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದನಂತೆ, ನೋಡು.

ನೋವಿನ ಮಾತ್ರೆ, ವಾಂತಿ, ಸೆಕೆ, ಎಲ್ಲ ಸೇರಿ ರಕ್ತದಲ್ಲಿ ಲಿಥಿಯಂ ಏರಿಬಿಟ್ಟಿತ್ತು. ಸಲೈನ್ ಹಾಕಿದರು, ಲಿಥಿಯಂ ಪೂರ್ತಿ ನಿಲ್ಲಿಸಿದರು. ನಾವು ತೋರಿಸುವ ಮನೋರೋಗದ ಡಾಕ್ಟರಮ್ಮನೂ ಬಂದು ಚೆನ್ನಾಗಿ ಬೈದರು. ಇನ್ನು ಯಾವ ಮಾತ್ರೆಯನ್ನೂ, ನೆಗಡಿಯದ್ದಾದರೂ ಸರಿ, ಕೇಳದೆ ನುಂಗಬೇಡಿ ಎಂದರು. ರಕ್ತ ಪರೀಕ್ಷೆಗೆ ಕರೆದಾಗೆಲ್ಲ ತಪ್ಪಿಸಿಕೊಂಡದ್ದಕ್ಕೆ ಬೇರೆ ಬೈಗುಳ. ಮೈ ಸುಧಾರಿಸಿದ ಮೇಲೆ ಮನೆಗೆ ಕಳಿಸಿ, ಲಿಥಿಯಂ ಮತ್ತೆ ಯಾವಾಗ ಎಂದು ಆಮೇಲೆ ನೋಡೋಣ ಎಂದರು.

ಆ ನಡುವಿನ ದಿನಗಳ ಬಗ್ಗೆ ಹೇಗೆ ಬರೆಯಲಿ? ಕೈ ನಿಂತಿತು ಪುಟ್ಟೀ. ಲೋಟ ತುಂಬ ನೀರು ಹಿಡಿದು ಮನೆಯೆಲ್ಲ ಓಡಾಡಿದೆ, ಒಂದು ಹನಿ ಚೆಲ್ಲಲಿಲ್ಲ. ಊಟಕ್ಕೆ ರುಚಿ ಬಂತು. ಸಾಬೂನಿನಲ್ಲಿ ಒಂದು ಮುಂದಿನ ಹಲ್ಲು ಕೊರೆದೆ, ಬೇರು ಸಮೇತ. ಅಂಥದ್ದನ್ನು ಮಾಡಿ ಎಷ್ಟು ಕಾಲವಾಗಿತ್ತು! ರೇಡಿಯೋದಲ್ಲಿ ಯಾರೋ ಏನೋ ಅಂದರು, ನಗು ತಟ್ಟನೆ ಬಂತು, ಹೊಟ್ಟೆ ಹಿಡಿದು ನಕ್ಕೆ. ನೀನು ಹೇಳಿದ್ದೇ ಸರಿ ಎನಿಸಿತು. ನಿನಗೆ ಫೋನ್ ಮಾಡಿ "ಬಿಟ್ಟೆ ಕಣೇ" ಎನ್ನಬೇಕೆಂದಿದ್ದೆ. ಬೆಳಕು ಹರಿಯುವ ಮೊದಲೇ ಎಚ್ಚರವಾಗುತ್ತಿತ್ತು, ಸುಸ್ತೇ ಇಲ್ಲ. ಬೀರುವಿನ ಬಟ್ಟೆಯೆಲ್ಲ ಹೊರಗೆ ಹಾಕಿ ಮತ್ತೆ ಜೋಡಿಸಿದೆ, ಮಾರನೆಯ ದಿನ ಮತ್ತೆ ಹೊರಗೆ ಹಾಕಿದೆ. ಮಾತು ಶುರುವಾದರೆ ನಿಲ್ಲುತ್ತಿರಲಿಲ್ಲ. ನಿಮ್ಮಪ್ಪ ಹೂಂಗುಟ್ಟುತ್ತಿದ್ದರು, ನಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಎದ್ದು ನೋಡಿದರೆ ಅವರು ಮಂಚ ಬಿಟ್ಟು ಹೊರಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಸಿ ಮಲಗಿದ್ದಾರೆ. ಪ್ಯಾಂಟು ಶರಟು ತೊಟ್ಟು, ಕಾಲಿಗೆ ಬೂಟು ಹಾಕಿಕೊಂಡೇ. ಲೇಸು ಕೂಡ ಕಟ್ಟಿದ್ದರು. ನಾನು ಎದ್ದು ಎಲ್ಲಿಗಾದರೂ ಹೊರಟುಬಿಟ್ಟರೆ ಹಿಂದೆ ಓಡಲು ಹೊತ್ತಾಗಬಾರದು ಎಂದು. ಆ ವಯಸ್ಸಿನ ಮನುಷ್ಯ, ಮಂಡಿನೋವು ಬೇರೆ. ಬಾಯಿ ತೆರೆದು ನಿದ್ದೆಹೋಗಿದ್ದರು. ಪಕ್ಕದಲ್ಲಿ ಕೂತು ಲೇಸು ಬಿಚ್ಚಿದೆ. ಎಚ್ಚರವಾಗಿ ಗಾಬರಿಯಿಂದ "ಎಲ್ಲಿಗೆ?" ಎಂದರು. "ಡಾಕ್ಟರ ಹತ್ರ. ನೀವೂ ಬನ್ನಿ" ಎಂದೆ.

ಡಾಕ್ಟರಮ್ಮನ ಹತ್ತಿರ ಜಗಳವನ್ನೇ ಆಡಿದೆ ಎನ್ನು. ನನ್ನ ಕೈ ನನಗೆ ಬೇಕು, ಕೈಯಿಲ್ಲದೆ ಬದುಕಿ ಏನು ಮಾಡಲಿ ಎಂದೆ. ಅವಳಿನ್ನೂ ಹುಡುಗಿ, ನಿನಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. "ಇಷ್ಟು ದಿನ ಕೈ ವಿಷಯ ನನಗೆ ಯಾಕೆ ಹೇಳಲೇ ಇಲ್ಲ ನೀವು?" ಎಂದಳು. ಹೌದಲ್ಲ, ಹೇಳಿರಲಿಲ್ಲ. ಹೇಗಿದ್ದೀರಿ ಎಂದರೆ ಅವಳಿಗೂ ಚೆನ್ನಾಗಿದ್ದೀನಿ ಎಂದೇ ಹೇಳಿ ಎದ್ದು ಬರುತ್ತಿದ್ದೆ. "ಕೈಯೂ ಬೇಕು, ನಿದ್ದೆಯೂ ಬೇಕು. ಎರಡನ್ನೂ ನೋಡೋಣ, ಒಂದೇ ಸಲಕ್ಕೆ ಆಗಲ್ಲ" ಎಂದಳು. ಈಗ ಲಿಥಿಯಂ ಮೊದಲಿಗಿಂತ ಕಡಿಮೆ, ರಾತ್ರಿ ಹೊತ್ತು. ನಡುಕಕ್ಕೆ ಬೇರೆ ಸಣ್ಣ ಮಾತ್ರೆ. ಕರೆದಾಗೆಲ್ಲ ರಕ್ತ ಕೊಡುತ್ತೇನೆ.

ಎಲ್ಲ ಸರಿಹೋಯಿತು ಎಂದು ಬರೆಯಲು ಆಸೆ. ಹೋಗಿಲ್ಲ. ನಡುಕ ಅರ್ಧ ಇಳಿದಿದೆ, ಬೆಳಗಿನ ಹೊತ್ತು ಪರವಾಗಿಲ್ಲ, ಮಧ್ಯಾಹ್ನದ ಮೇಲೆ ಮತ್ತೆ ಶುರು. ಯಜಮಾನರು ದವಡೆ ಹಲ್ಲುಗಳ ಕೆಲಸವನ್ನು ನನಗೆ ಕೊಟ್ಟಿದ್ದಾರೆ, ಮುಂದಿನ ಹಲ್ಲು ಗೊಣಗಪ್ಪನದೇ. ಮುಗಿಸಿದ ಮೇಲೆ ನನ್ನ ಮುಂದೆ ಹಿಡಿಯುತ್ತಾನೆ. ತೀರಾ ನೆಟ್ಟಗಿದೆ ಎನ್ನುತ್ತೇನೆ, ಗೊಣಗಿಕೊಂಡು ತಿದ್ದುತ್ತಾನೆ. ನಾಣ್ಯದ ರುಚಿ ವಾಪಸು ಬಂದಿದೆ. ನೀರಾವರಿ ಇಲಾಖೆಗೂ ರಜೆ ಇಲ್ಲ. ಆ ಕೆಲವು ದಿನಗಳ ನಗು ನೆನಪಾದರೆ ಸತ್ತವರು ನೆನಪಾದ ಹಾಗಾಗುತ್ತದೆ. ಆದರೂ ಬಿಡುವುದಿಲ್ಲ ಪುಟ್ಟೀ. ನೀನು ಇನ್ನೊಮ್ಮೆ ಬಿಡು ಎನ್ನಬೇಡ. ನೀನು ಹೇಳಿದರೆ ನನಗೆ ಆಸೆಯಾಗುತ್ತದೆ. ನಾನು ಅರ್ಧ ಆಗಿಲ್ಲ, ದಣಿದಿದ್ದೇನೆ. ದಣಿದವರನ್ನು ನೋಡಿಕೊಳ್ಳುವ ಹಾಗೆ ನನ್ನನ್ನು ನೋಡಿಕೋ, ಸಾಕು.

ನಿಮ್ಮಪ್ಪ ಎದ್ದರು, ಕಾಫಿ ಕೇಳುತ್ತಿದ್ದಾರೆ. ನಿನ್ನ ಜೊತೆ ಕೋಣೆಯಲ್ಲಿರುವ ಹುಡುಗಿಯನ್ನೂ ಕೇಳಿದೆನೆಂದು ಹೇಳು. ತಲೆ ಒರೆಸಿಕೊಂಡು ಮಲಗು. ನೂರ್ಕಾಲ ಸುಖವಾಗಿ ಬಾಳು ಮಗಳೇ.

ನಿನ್ನ,
ಅಮ್ಮ

ಮತ್ತೆ: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯಲೇಬೇಕು. ಇಷ್ಟು ಹೊತ್ತು ಧೈರ್ಯ ಸಾಲಲಿಲ್ಲ. ನೀನು ಮದುವೆಯಾಗಬೇಕೆಂದಿರುವ ಆ ಕನ್ನಡಕದ ಹುಡುಗ ಗುರುವಾರ ಲ್ಯಾಬಿಗೆ ಬಂದಿದ್ದ, ಅವರಮ್ಮನ ಮುರಿದ ಹಲ್ಲಿನ ಸೆಟ್ಟು ಹಿಡಿದುಕೊಂಡು. ನನ್ನ ಕೈ ನೋಡಿ, "ಬಸ್ಸಿನಿಂದ ಬಿದ್ದಾಗ ನರಕ್ಕೆ ಪೆಟ್ಟಾಯ್ತಂತೆ, ಇನ್ನೂ ನೋವಿದೆಯಾ ಆಂಟೀ?" ಎಂದ. ನಾನು ಯಾವ ಬಸ್ಸಿನಿಂದಲೂ ಬಿದ್ದಿಲ್ಲ. ನಿನ್ನ ಮೇಲೆ ಸಿಟ್ಟು ಬರಲಿಲ್ಲ. ನಾನು ಸಕ್ಕರೆ ಕಾಯಿಲೆ ಎಂದ ಹಾಗೆ ನೀನು ಬಸ್ಸು ಎಂದಿದ್ದೀಯ, ಅಷ್ಟೇ ತಾನೇ. ಅವನನ್ನು ಕೂರಿಸಿ ಎಲ್ಲ ಹೇಳಿದೆ, ಕಾಯಿಲೆಯ ಹೆಸರೂ ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡು, "ಮಕ್ಕಳಿಗೂ ಬರುತ್ತಾ?" ಎಂದ. ಬರಬಹುದು, ಹೆಚ್ಚಿನವರಿಗೆ ಬರುವುದಿಲ್ಲ, ಬಂದರೆ ನೋಡಿಕೊಳ್ಳುವ ದಾರಿ ಇದೆ ಎಂದೆ. "ಅವಳೇ ಯಾಕೆ ಹೇಳಲಿಲ್ಲ?" ಎಂದ. ಅವಳನ್ನೇ ಕೇಳಪ್ಪಾ ಎಂದೆ. ಎದ್ದು ಬಾಗಿಲ ತನಕ ಹೋದವನು ತಿರುಗಿ, "ಮುಂದಿನ ವಾರ ಶನಿವಾರ ಅಮ್ಮನ್ನೇ ಕರ್ಕೊಂಡ್ ಬರ್ತೀನಿ" ಎಂದ. ಹಲ್ಲು ಕೂರುತ್ತದೋ ಇಲ್ಲವೋ ನೋಡುವುದಕ್ಕೋ, ನನ್ನನ್ನು ನೋಡುವುದಕ್ಕೋ, ಮುಖದಿಂದ ಗೊತ್ತಾಗಲಿಲ್ಲ. ಅವರಮ್ಮ ಕೇಳಿದರೂ ನಾನು ಇದನ್ನೇ ಹೇಳುವವಳು. ಅಷ್ಟರೊಳಗೆ ನೀನು ಅವನಿಗೆ ಫೋನ್ ಮಾಡು. ನನ್ನ ಮಾನ ಉಳಿಸಲು ಇನ್ನು ಒಂದು ಸುಳ್ಳನ್ನೂ ಹೇಳಬೇಡ ಮಗಳೇ. ಶನಿವಾರ ನೀನೂ ಬರುವ ಹಾಗಿದ್ದರೆ ಬಾ. ಬೆಳಗಿನ ಹೊತ್ತಿಗೇ ಬಾ, ಆಗ ಕೈ ಅಷ್ಟಾಗಿ ನಡುಗುವುದಿಲ್ಲ. ಕಾಫಿ ನಾನೇ ಕೊಡುತ್ತೇನೆ.