ಕರೆದರೆ ಇಲ್ಲ ಎನ್ನದ ಈಜುಗಾರನಿಗೆ

ಆನೆಗೊಂದಿ,
ಭಾನುವಾರ, ಮಾರ್ಚ್ ೩, ೨೦೧೩

ಅಮೃತಾಳ ಅಪ್ಪನಿಗೆ,

ಪ್ರತಿ ಸಲ 'ಪೂಜ್ಯರಿಗೆ' ಎಂದು ಶುರು ಮಾಡುತ್ತಿದ್ದೆ. ಈ ಸಲ ಆ ಮಾತು ಪೆನ್ನಿನಿಂದ ಇಳಿಯಲಿಲ್ಲ, ಬಿಟ್ಟಿದ್ದೇನೆ. ಹೇಗಿದ್ದೀರಿ? ಬೆಳಗಾವಿಯ ಚಳಿ ಹೋಯಿತೇ? ಬಲಭುಜಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತೀರೋ, ಇಲ್ಲ ಸೀಸೆ ಹಾಗೇ ಕಿಟಕಿಯಲ್ಲಿ ಕೂತಿದೆಯೋ? ಮೆಸ್ಸಿನ ಅನ್ನ ನಿಮಗೆ ಹಿಡಿಸುವುದಿಲ್ಲ ಎಂದು ಗೊತ್ತು, ರೊಟ್ಟಿ ಎಲ್ಲಿಯಾದರೂ ಸಿಕ್ಕರೆ ತಿನ್ನಿ. ಸಿಟ್ಟಿದ್ದರೂ ಆರೋಗ್ಯ ಕೇಳಬೇಕಲ್ಲ, ಕೇಳಿದ್ದೇನೆ. ಇಲ್ಲಿ ನಾನು ಗಟ್ಟಿಯಾಗಿದ್ದೇನೆ. ಅಮೃತಾಳ ಕೆಮ್ಮು ಹೋಯಿತು. ಮಾವನಿಗೆ ಜ್ವರ ಬಂದಿತ್ತು, ಶುಕ್ರವಾರ ಬಿಟ್ಟಿತು, ನಿನ್ನೆಯಿಂದ ಎರಡು ಹೊತ್ತೂ ಉಣ್ಣುತ್ತಿದ್ದಾರೆ. ಜ್ವರ ಯಾಕೆ ಬಂತು ಎಂಬುದನ್ನು ಮುಂದೆ ಬರೆಯುತ್ತೇನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಮಗಳ ಈಜಿನ ಮಾತು ತೆಗೆದ ಕೂಡಲೇ ನಿಮ್ಮ ಫೋನಿಗೆ ಸಿಗ್ನಲ್ ಹೋಗುತ್ತದೆ, ಇಲ್ಲವೇ ಚಾರ್ಜ್ ಮುಗಿಯುತ್ತದೆ. ಪತ್ರಕ್ಕೆ ಆ ಎರಡೂ ರೋಗ ಇಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಕಳಕಪ್ಪ ಮಾಸ್ತರು ಮನೆಗೆ ಬಂದಿದ್ದರು. ಅಮೃತಾಳ ಸಾಲೆಯಲ್ಲಿ ಆಟ ಕಲಿಸುವವರು, ನಿಮಗೆ ಚೆನ್ನಾಗಿ ಗೊತ್ತು. ನಿಮ್ಮದೇ ಕ್ರೀಡಾ ಹಾಸ್ಟೆಲ್ಲಿಗೆ, ನೀವೇ ಕೋಚ್ ಆಗಿರುವ ಕೊಳದಲ್ಲಿ, ಮಂಗಳವಾರ ಮಕ್ಕಳ ಆಯ್ಕೆ ಇದೆಯಂತೆ. ಜಿಲ್ಲೆಯಿಂದ ನಮ್ಮ ಅಮೃತಾಳ ಹೆಸರು ಕಳಿಸಿದ್ದರಂತೆ. ಮನುಷ್ಯ ಹೊಸಿಲ ಮೇಲೇ ನಿಂತು, ಚಹಾ ಕೂಡ ಬೇಡವೆಂದು, ನೆಲ ನೋಡುತ್ತ ಹೇಳಿದರು: "ಗವಿಸಿದ್ದೇಶಣ್ಣ ಫೋನ್ ಮಾಡಿದ್ನಿರಿ. ಮಗಳ ಹೆಸರು ತಗೀರಿ ಅಂದ. ನಾ ಏನ್ ಮಾಡ್ಲಿರಿ ಅಕ್ಕಾರ?" ನನ್ನನ್ನು ಒಂದು ಮಾತು ಕೇಳಲಿಲ್ಲ ನೀವು. ಮಗಳನ್ನಂತೂ ಕೇಳುವ ಪ್ರಶ್ನೆಯೇ ಇಲ್ಲ. ಅದೇ ವಾರ ಪೇಪರಿನಲ್ಲಿ ನಿಮ್ಮ ಫೋಟೋ ಬಂದಿತ್ತು, ಕೊರಳಲ್ಲಿ ಸೀಟಿ, ಸುತ್ತ ಯಾರ್ಯಾರದೋ ಹೆಣ್ಣುಮಕ್ಕಳು, ಕೆಳಗೆ ನಿಮ್ಮ ಮಾತು: ಪ್ರತಿಯೊಂದು ಹೆಣ್ಣುಮಗುವಿಗೂ ಈಜು ಬರಬೇಕು. ಅಮೃತಾ ಅದನ್ನು ಕತ್ತರಿಸಿ ಬಾಗಿಲ ಹಿಂದೆ ಅಂಟಿಸಿದ್ದಳು. ಮಾಸ್ತರು ಹೋದ ಮೇಲೆ ಅದರ ಮುಂದೆ ನಿಂತು ಕೇಳಿದಳು: "ಯವ್ವಾ, ಪ್ರತಿಯೊಂದು ಅಂದ್ರ ನಾ ಅದರಾಗ ಇಲ್ಲೇನ?" ಅದರ ಉತ್ತರ ನೀವೇ ಕೊಡಿ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಹೌದು, ಅವಳಿಗೆ ಈಜು ಕಲಿಸಿದವರು ನಿಮ್ಮ ಅಪ್ಪನೇ, ನಮ್ಮ ಮಾವ. ಬೆನ್ನಿಗೆ ಬೆಂಡು ಕಟ್ಟಿ, ಬಾಳೆತೋಟದ ಹಿಂದಿನ ಮಡುವಿನಲ್ಲಿ, ನೀವು ಊರಿನಲ್ಲಿ ಇಲ್ಲದಾಗ. ಹೂಂ ಎಂದವಳು ನಾನು. ಜಗಳ ಆಡುವುದಿದ್ದರೆ ನನ್ನ ಜೊತೆ ಆಡಿ, ಆ ಮುದುಕರ ಜೊತೆ ಬೇಡ.

ನಿಮ್ಮ ಕಥೆಯನ್ನು ನಿಮಗೇ ಹೇಳುತ್ತೇನೆ. ಬೇರೆಯವರ ಮುಂದೆ ಹೇಳುವಾಗ ನೀವು ಅರ್ಧ ನುಂಗುತ್ತೀರಿ. ಹರಿಗೋಲು ನಡೆಸುವ ಹೊನ್ನೂರಪ್ಪನ ಮಗ ನೀವು, ನಡೆಯಲು ಕಲಿಯುವ ಮೊದಲೇ ತುಂಗಭದ್ರೆಗೆ ಬಿದ್ದವರು. ಕೊಪ್ಪಳ ಹೊಸ ಜಿಲ್ಲೆಯಾದ ಮರುವರ್ಷ ಅದರ ಹೆಸರು ಎದೆಯ ಮೇಲೆ ಹಚ್ಚಿಕೊಂಡು ಬೆಂಗಳೂರಿಗೆ ಹೋದಿರಿ. ಹೋಗಿ ಏನು ಮಾಡಿದಿರಿ? ಹೊಳೆ ದಾಟುವವರು ನೇರ ಈಜುವುದಿಲ್ಲ, ಸೆಳವು ಕೆಳಗೆ ಒಯ್ಯುತ್ತದೆ ಎಂದು ಸ್ವಲ್ಪ ಮೇಲಕ್ಕೆ ಮುಖ ಮಾಡಿ ಈಜುತ್ತಾರೆ. ಅದೇ ರೂಢಿಯಲ್ಲಿ ನಿಂತ ನೀರಿನ ಕೊಳದಲ್ಲೂ, ಇಲ್ಲದ ಸೆಳವಿಗೆ ಎದುರಾಗಿ ಈಜಿದಿರಿ. ಎಲ್ಲರಿಗಿಂತ ಮುಂದಿದ್ದವರು ಹಗ್ಗದ ಅಡಿ ನುಸುಳಿ ಪಕ್ಕದವನ ದಾರಿಯಲ್ಲಿ ಎದ್ದಿರಿ. ಸೀಟಿ ಊದಿ ಹೊರಗೆ ಹಾಕಿದರು. ಮದುವೆಯಾದ ಹೊಸದರಲ್ಲಿ ಇದನ್ನು ಹೇಳಿಕೊಂಡು ನೀವು ಹೊಟ್ಟೆ ಹಿಡಿದು ನಗುತ್ತಿದ್ದಿರಿ. ನಾನು ಯಲಬುರ್ಗಾದ ಎರೆಹೊಲದ ಕಡೆಯವಳು, ಕೊಡದ ನೀರು ಬಿಟ್ಟು ಬೇರೆ ನೀರು ಕಾಣದವಳು, ಅರ್ಥವಾಗದೆಯೇ ನಗುತ್ತಿದ್ದೆ. ಈಗ ಅರ್ಥವಾಗುತ್ತದೆ, ಯಾಕೆಂದರೆ ನಿಮ್ಮ ಮಗಳೂ ಹಾಗೇ ಸೊಟ್ಟಗೆ ಈಜುತ್ತಾಳೆ. ತಿದ್ದಬೇಕಾದವರು ಬೆಳಗಾವಿಯಲ್ಲಿ ಬೇರೆಯವರ ಮಕ್ಕಳನ್ನು ತಿದ್ದುತ್ತಿದ್ದಾರೆ.

ನಿಮ್ಮನ್ನು ತಿದ್ದಿದವರು ಮಾವ. ಹರಿಗೋಲನ್ನು ದಂಡೆಗೆ ಬೋರಲು ಹಾಕಿ, ನಿಮ್ಮನ್ನು ಮುನಿರಾಬಾದಿಗೆ ಕರೆದುಕೊಂಡು ಹೋಗಿ ಕಾಲುವೆಗೆ ಇಳಿಸಿದರು. ಗೋಡೆಯ ಪಕ್ಕದಲ್ಲೇ, ನೀರಿಗೆ ನೇರ ಎದುರಾಗಿ. ಎಷ್ಟು ಕೈ ಬೀಸಿದರೂ ಇದ್ದಲ್ಲೇ ಇರುತ್ತಿದ್ದಿರಂತೆ. ದಂಡೆಯ ಮೇಲೆ ಮಾವ "ಗ್ವಾಡಿ ಬಿಡಬ್ಯಾಡಲೇ, ಗ್ವಾಡಿ ಬಿಡಬ್ಯಾಡ" ಎಂದು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರಂತೆ. ಮುಂದಿನ ವರ್ಷ ಎರಡು ಚಿನ್ನ. ಗಂಗಾವತಿಯಲ್ಲಿ ತೆರೆದ ಜೀಪು, ಹಾರ, ಬ್ಯಾಂಡು. ಆಮೇಲೆ ನಾಲ್ಕೈದು ವರ್ಷ ರಾಜ್ಯದಲ್ಲಿ ನಿಮ್ಮನ್ನು ಹಿಂದೆ ಹಾಕುವವರು ಹುಟ್ಟಲಿಲ್ಲ. ದೇಶದ ಮಟ್ಟದಲ್ಲಿ ಕಂಚು ತಂದಿರಿ. ಹಿಟ್ಟಿನ ಗಿರಣಿಯಲ್ಲಿ ನನಗೆ ಪಾಳಿ ಹಚ್ಚುವ ಕೆಲಸವೇ ಇರಲಿಲ್ಲ, "ಚಾಂಪಿಯನ್ ಹೇಣ್ತಿ ಬಂದಾಳ, ಬಿಡ್ರಿ" ಎಂದು ದಾರಿ ಮಾಡುತ್ತಿದ್ದರು. ನಾನೂ ಸೊಕ್ಕಿನಿಂದಲೇ ಮುಂದೆ ಹೋಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಆದರೆ ಊರಿಗೆ ಚಾಂಪಿಯನ್ ಬೇಕಾಗಿದ್ದು ಬೇರೆ ಕೆಲಸಕ್ಕೆ. ಹೊಳೆಯಲ್ಲಿ ಯಾರಾದರೂ ಮುಳುಗಿದರೆ ಈಜು ಬಲ್ಲವರ ಬಾಗಿಲಿಗೆ ಬಂದು ಕರೆಯುವುದು ಇಲ್ಲಿಯ ಪದ್ಧತಿ. ಕರೆದರೆ ಇಲ್ಲ ಎನ್ನಬಾರದು, ಕೂಲಿ ಕೇಳಬಾರದು. ಹೆಣ ತಂದು ದಂಡೆಗೆ ಮಲಗಿಸಿದ ಮೇಲೆ ಒಂದು ತೆಂಗಿನಕಾಯಿ, ಒಂದು ಟವೆಲ್ಲು ಕೊಡುತ್ತಾರೆ. ಹಿತ್ತಲಿನಲ್ಲಿ ಬೇವಿನೆಲೆ ಹಾಕಿದ ನೀರಿನಲ್ಲಿ ಮಿಂದು ಒಳಗೆ ಬರಬೇಕು. ಆ ನೀರು ಕಾಯಿಸಿದವಳು ನಾನು. ಮಿಂದು ಬಂದ ಮೇಲೆ ನೀವು ಉಣ್ಣದೆ ಗೋಡೆಗೆ ಮುಖ ಮಾಡಿ ಮಲಗುವುದನ್ನು ನೋಡಿದವಳೂ ನಾನೇ. ಆ ಟವೆಲ್ಲುಗಳಲ್ಲಿ ಒಂದನ್ನೂ ಮನೆಯವರ ಮೈಗೆ ಮುಟ್ಟಿಸಲಿಲ್ಲ, ಎಮ್ಮೆ ಉಜ್ಜಲು ಇಟ್ಟೆ. ಎರಡು ಸಾವಿರದ ನಾಲ್ಕರಲ್ಲಿ ಹುಲಿಗಿಯಲ್ಲಿ ಹುಲಿಗೆಮ್ಮನ ದರ್ಶನ ಮುಗಿಸಿ ಬಂದ ಹೊಸ ಮದುಮಗಳು ಇಲ್ಲಿ ಬಂಡೆಯಿಂದ ಜಾರಿದಳಲ್ಲ, ಅವತ್ತು ನಾನು ನಿಮ್ಮ ಕೈ ಹಿಡಿದೆ. ಮುಂದಿನ ವಾರ ರಾಷ್ಟ್ರ ತಂಡದ ಆಯ್ಕೆ ಇದೆ, ಬೇಡಿ ಎಂದೆ. "ಮಂದಿ ಬಾಗಲಾಗ ನಿಂತಾರ, ಕಸ್ತೂರಿ" ಎಂದು ಕೈ ಬಿಡಿಸಿಕೊಂಡಿರಿ. ಬಂಡೆಯ ಅಡಿ ಸಿಕ್ಕಿದ್ದ ಹೆಣವನ್ನು ಎಳೆದು ಎಳೆದು ಭುಜದ ನರ ಹರಿಯಿತು. ಚಾಂಪಿಯನ್ನನ ಈಜು ಅಲ್ಲಿಗೆ ಮುಗಿಯಿತು. ಪೇಪರಿನವರಿಗೆ ಅಭ್ಯಾಸದಲ್ಲಿ ಪೆಟ್ಟಾಯಿತು ಎಂದಿರಿ. ಊರಿನವರಿಗೆ ಕೆಟ್ಟದೆನಿಸಬಾರದಲ್ಲ! ಅವತ್ತು ಮನೆಗೆ ಬಂದವರು, ಬೋಗುಣಿಯಲ್ಲಿ ಕೂತು ನೀರು ಬಡಿಯುತ್ತಿದ್ದ ಮೂರು ವರ್ಷದ ಮಗಳನ್ನು ಎತ್ತಿ ಕೆಳಗಿಟ್ಟು, ಆ ಬೋಗುಣಿಯನ್ನು ಒದ್ದಿರಿ. "ಇಕಿಗೆ ನೀರು ತೋರಸಬ್ಯಾಡ." ಅಷ್ಟೇ. ಯಾಕೆ ಎಂದು ಕೇಳಿದರೆ, ಬೇಡ ಎಂದರೆ ಬೇಡ. ಆಮೇಲೆ ಕೋಚ್ ಕೆಲಸ ಹಿಡಿದು ಊರೇ ಬಿಟ್ಟಿರಿ.

ಈಗ ಮಾವನ ಜ್ವರದ ಸುದ್ದಿ. ಭರತ ಹುಣ್ಣಿಮೆಯ ಮರುದಿನ ಸ್ನಾನಕ್ಕೆ ಇಳಿದ ಪರವೂರಿನ ಹೆಣ್ಣುಮಗಳೊಬ್ಬಳು ಸುಳಿಗೆ ಸಿಕ್ಕು ಹೋದಳು. ಮಧ್ಯಾಹ್ನ ನಾನು ಅಕ್ಕಿ ಹಸನು ಮಾಡುತ್ತಿದ್ದೆ. ಬಾಗಿಲ ಮುಂದೆ ಮಂದಿ ಕೂಡಿತು. "ಗವಿಸಿದ್ದೇಶ ಅದಾನೇನ್ರಿ?" ಎಂದರು. ಇಲ್ಲ, ಬೆಳಗಾವಿಯಲ್ಲಿ ಇದ್ದಾರೆ ಎಂದೆ. ಹೋಗಬೇಕಲ್ಲ? ಹೋಗಲಿಲ್ಲ. ಹಿಂದೆ ನಿಂತಿದ್ದ ಒಬ್ಬ ಹೇಳಿದ: "ಮಗಳಿಗೂ ಛಲೋ ಈಸು ಬರ್ತೈತ್ರಿ, ಅಪ್ಪನಂಗ ಮುಳಗ್ತಾಳ. ಹೆಣ್ಣಮಗಳ ಹೆಣ ಐತಿ, ಹೆಣ್ಣಮಗಳ ಕೈಲೆ ಬಂದ್ರ ಛಲೋ ಅಲ್ಲೇನ್ರಿ?" ಉಳಿದವರು ಹೌದೌದು ಎಂದರು. ಅಮೃತಾ ಆಗಷ್ಟೇ ಸಾಲೆಯಿಂದ ಬಂದಿದ್ದಳು. ನಾನು ತಿರುಗಿ ನೋಡುವುದರಲ್ಲಿ ಪಾಟಿಚೀಲ ಕೆಳಗಿಟ್ಟು ಲಂಗದ ಅಂಚು ಎತ್ತಿ ಸಿಕ್ಕಿಸುತ್ತಿದ್ದಳು, ಅಳು ಬರುವ ಮುಖ ಮಾಡಿಕೊಂಡೇ. ಬಾಗಿಲಿಗೆ ಮಂದಿ ಬಂದರೆ ಹೋಗಬೇಕು ಎಂದು ಯಾರೂ ಕಲಿಸದೆಯೇ ಅವಳಿಗೆ ಬಂದುಬಿಟ್ಟಿದೆ. ಆಗ ನನ್ನ ಬಾಯಿ ತೆರೆಯಿತು. ಮೊರ ಕೈಯಲ್ಲೇ ಇತ್ತು. "ಆರನೇತ್ತ ಓದೋ ಕೂಸಿಗೆ ಹೆಣ ಹುಡುಕಾಕ ಕರೀತೀರಾ? ನಿಮ್ಮ ಮನ್ಯಾಗ ಹೆಣ್ಣಮಕ್ಕಳಿಲ್ಲೇನ್ರಿ? ಮದ್ಲ ಅವರನ್ನ ನಿಂದರಸ್ರಿ ದಂಡಿಗೆ!" ಎಂದು ಒದರಿ ಬಾಗಿಲು ಹಾಕಿ ಅಗಳಿ ಜಡಿದೆ. ಪಕ್ಕದ ಮನೆಯ ಮಾರೆವ್ವ ಹೊರಗಿನಿಂದ ಕೂಗಿ ಹೇಳಿದಳು: "ಈಸು ಬಲ್ಲವರ ಮನಿ ಬಾಗಲಾ ಹಾಕಬಾರದವ್ವಾ, ಪಾಪ ತಟ್ಟತೈತಿ!" ತಟ್ಟಲಿ ಎಂದೆ. ಅಷ್ಟರಲ್ಲಿ ಮಾವ ಗೋಡೆ ಹಿಡಿದು ಎದ್ದರು. "ನಾ ಹೊಕ್ಕೀನಿ, ಕೂಸಿನ್ನ ಬಿಡು" ಎಂದು ಹಿತ್ತಲ ಬಾಗಿಲಿನಿಂದ ಹೊರಟೇ ಹೋದರು. ಮೊಳಕಾಲು ಮಡಚಲು ಬಾರದ ಮನುಷ್ಯ ಸಂಜೆಯವರೆಗೆ ನೀರಿನಲ್ಲಿದ್ದು, ಕೆಳಗಿನ ಮಡುವಿನಲ್ಲಿ ಆ ಹುಡುಗಿಯನ್ನು ಹುಡುಕಿ ತಂದರು. ಅವಳ ತಾಯಿಗೆ ನಾನೇ ನೀರು ಒಯ್ದು ಕುಡಿಸಿದೆ. ಆಕೆ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಆ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ.

ಬೇವಿನ ನೀರು ಮಿಂದು, ಕಂಬಳಿಯ ಒಳಗೆ ನಡುಗುತ್ತ ಮಾವ ಬಾಯಿ ಬಿಟ್ಟರು. ಇಷ್ಟು ವರ್ಷ ನೀವು ನನಗೆ ಹೇಳದ್ದನ್ನು ಅವರಿಗೆ ಹೇಳಿದ್ದಿರಂತೆ. "ಅವಗ ನೀರಿನ ಅಂಜಿಕಿ ಅಲ್ಲವ್ವ. ಈಸು ಬರ್ತೈತಿ ಅಂತ ಊರಿಗೆ ಗೊತ್ತಾದ್ರ ನಾಳಿ ಇಕಿನ್ನೂ ಕರೀತಾರ ಅನ್ನೋ ಅಂಜಿಕಿ. ನಾ ಅವಗ ಈಸು ಕಲಿಸಿದೆ, ಇಲ್ಲ ಅನ್ನೋದು ಕಲಿಸಲಿಲ್ಲ." ಕೇಳಿ ನನಗೆ ಅಳು ಬಂತು. ನೀವು ಇದನ್ನು ಒಬ್ಬರೇ ಹೊಟ್ಟೆಯಲ್ಲಿ ಇಟ್ಟುಕೊಂಡು ಒಣಗಿದಿರಲ್ಲ ಎಂದು ಸಂಕಟವಾಯಿತು. ಅತ್ತು ಮುಗಿದ ಮೇಲೆ ಸಿಟ್ಟು ಎರಡರಷ್ಟಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು ನಿಮ್ಮ ನ್ಯಾಯ. ಕರೆಯುವವರು ಯಾರೋ, ಕಟ್ಟಿ ಹಾಕಿದ್ದು ಮಗಳನ್ನು! ಬಾಗಿಲಿಗೆ ಬಂದವರಿಗೆ ಒಂದು ದಿನವೂ ಇಲ್ಲ ಎನ್ನಲಿಲ್ಲ ನೀವು. ಭುಜ ಹೋಗುತ್ತಿರುವಾಗಲೂ ಎನ್ನಲಿಲ್ಲ. ಆ ಮಾತು ನಿಮಗೆ ಬರುವುದೇ ಇಲ್ಲ ಎಂದುಕೊಂಡಿದ್ದೆ. ಬರುತ್ತದೆ, ಮಗಳ ಮುಂದೆ ಮಾತ್ರ ಬರುತ್ತದೆ. ನಾನು ಇಲ್ಲ ಎಂದೆ, ಗಟ್ಟಿಯಾಗಿ, ಮಂದಿಯ ಎದುರಿಗೆ. ಮನೆ ಬೀಳಲಿಲ್ಲ. ನಳದ ಹತ್ತಿರ ಈಗ ನನ್ನನ್ನು ಯಾರೂ ಮಾತಾಡಿಸುವುದಿಲ್ಲ, ಮಾರೆವ್ವ ಮುಖ ತಿರುಗಿಸುತ್ತಾಳೆ. ಆಗಲಿ, ನನ್ನ ಕೊಡ ತುಂಬಿದರೆ ಸಾಕು. ಇನ್ನೊಮ್ಮೆ ಬಂದರೆ ಇನ್ನೊಮ್ಮೆ ಅನ್ನುತ್ತೇನೆ. ಮಗಳಿಗೂ ಆ ಮಾತು ಕಲಿಸುತ್ತಿದ್ದೇನೆ. ಆದರೆ ಈಜು ಅವಳದು. ಅದನ್ನು ಅವಳಿಂದ ಕಸಿಯುವ ಹಕ್ಕು ಆ ಮಂದಿಗೂ ಇಲ್ಲ, ನಿಮಗೂ ಇಲ್ಲ. ಅವಳು ನೀರಿನಿಂದ ಎದ್ದು ಬರುವಾಗ ಮುಖ ಹೇಗಿರುತ್ತದೆ ಎಂದು ನೀವು ಒಮ್ಮೆಯೂ ನೋಡಿಲ್ಲ. ನಾನು ದಿನಾ ನೋಡುತ್ತೇನೆ, ನೀರಿಗೆ ಅಂಜುವ ನಾನು.

ಬರೆದು ಕೈ ನೋಯುತ್ತಿದೆ, ಸಿಟ್ಟು ಮಾತ್ರ ಇಳಿದಿಲ್ಲ. ಓದಿ, 'ಪಾಪ, ಕಸ್ತೂರಿಗೆ ಒಬ್ಬಳೇ ಇದ್ದು ಬೇಸರ' ಎಂದು ಮೆತ್ತಗೆ ಮಾಡಿಕೊಳ್ಳಬೇಡಿ. ಹೊತ್ತಿಗೆ ಸರಿಯಾಗಿ ಉಣ್ಣಿ, ಭುಜಕ್ಕೆ ಎಣ್ಣೆ ಹಚ್ಚಿಕೊಳ್ಳಿ. ಹುಲಿಗೆಮ್ಮ ನಿಮ್ಮನ್ನು ತಣ್ಣಗೆ ಇಡಲಿ, ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ಇಂತಿ ನಿಮ್ಮ,
ಕಸ್ತೂರಿ

ತಾ.ಕ.: ಈ ಪತ್ರಕ್ಕೆ ಅಂಚೆಚೀಟಿ ಇಲ್ಲದ್ದನ್ನು ನೋಡಿದಿರಾ? ಅಂಚೆಯವನು ತಂದದ್ದಲ್ಲ. ಯಾರು ತಂದರು ಎಂದು ನಿಮಗೆ ಗೊತ್ತು, ನಿಮ್ಮ ಎದುರಿಗೇ ನಿಂತಿದ್ದಾಳೆ. ಮಾವ ಕರೆದುಕೊಂಡು ಬಂದಿದ್ದಾರೆ, ಗೇಟಿನ ಹತ್ತಿರ ಕೂತಿರುತ್ತಾರೆ, ಒಳಗೆ ಕರೆಯಿರಿ. ನಾನೇ ಹೇಳಿ ಕಳಕಪ್ಪ ಮಾಸ್ತರಿಂದ ಅವಳ ಹೆಸರು ಮತ್ತೆ ಸೇರಿಸಿದ್ದೇನೆ. ಇನ್ನೂ ಬೇಡ ಎನ್ನುವುದಿದ್ದರೆ ಮಾಸ್ತರಿಗೆ ಫೋನ್ ಮಾಡಬೇಡಿ, ನನಗೂ ಮಾಡಬೇಡಿ, ಅವಳ ಮುಖ ನೋಡಿ ಅವಳಿಗೇ ಹೇಳಿ. ಅಪ್ಪ ಓದಿ ಮುಗಿಸುವವರೆಗೆ ಒಂದು ಮಾತೂ ಆಡಬೇಡ ಎಂದು ಹೇಳಿ ಕಳಿಸಿದ್ದೇನೆ, ಪಾಪ ಬಾಯಿ ಬಿಗಿಹಿಡಿದು ನಿಂತಿರಬೇಕು. ಓದಿ ಮುಗಿಯಿತು. ಇನ್ನು ತಲೆ ಎತ್ತಿರಿ.