ಒಂಬತ್ತು ವೋಲ್ಟ್

7 ಮಾರ್ಚ್ 2016, ಬೆಳಿಗ್ಗೆ 11

ಪಾಪುಗೆ ರಾಗಿ ಸರಿ ತಿನ್ನಿಸಿ ಆಯ್ತು. ಗಾಜಿನ ಲೋಟ ಎಲ್ಲಾ ಅಟ್ಟದ ಮೇಲೇ ಇವೆ. ಹೋದ ತಿಂಗಳು ಇವರು ಎಸೆದ ಕುಕ್ಕರ್ ಮುಚ್ಚಳ ಪಾಪು ತಲೆಗೆ ಗೇಣು ದೂರದಲ್ಲಿ ಗೋಡೆಗೆ ಬಡೀತು. ಅವತ್ತಿಂದ ಮಗೂನ ಇವರ ಕೈಗೆ ಕೊಟ್ಟಿಲ್ಲ. ಇವರು ಮನೇಲಿದ್ರೆ ಕಣ್ಣು ಮುಚ್ಚಿಲ್ಲ.

ಇವರೂ ಹೆದರಿದ್ದಾರೆ. ಜಿಗಣಿ ಫ್ಯಾಕ್ಟರಿಗೆ ರಜ ಹಾಕಿ, ಆಸ್ಪತ್ರೆಯ ಸ್ಟಡಿಗೆ ತಾವೇ ಹೆಸರು ಕೊಟ್ಟರು. ಸಿಟ್ಟು ಜಾಸ್ತಿ ಇರೋರಿಗೆ. ಹಣೆಗೆ ಒದ್ದೆ ಸ್ಪಂಜು, ಅದರಲ್ಲಿ ಸಣ್ಣಗೆ ಕರೆಂಟು. ದಿನಕ್ಕೆ ಇಪ್ಪತ್ತು ನಿಮಿಷ, ಹತ್ತು ಸಲ.

ಅತ್ತೆಗೆ ಒಂದೇ ಚಿಂತೆ. "ಮದ್ಯದಾಗೆ ಕರೆಂಟ್ ಓಗ್ಬುಟ್ರೆ? ಅರ್ಧ ಸಿಟ್ಟು ಒಳಗೇ ಉಳ್ಕಂಡ್ರೆ?"

ನಗು ಬಂತು. ಆಮೇಲೆ ನನಗೂ ಅದೇ ಹಿಡ್ಕೊಂತು...

8 ಮಾರ್ಚ್

ಬಿ.ಕಾಂ. ಓದಿದವಳು ಹೋಗಿ ಡಾಕ್ಟರನ್ನ ಅದನ್ನೇ ಕೇಳಿದೆ. ನಕ್ಕರು. "ಇದು ಒಂಬತ್ತು ವೋಲ್ಟ್ ಬ್ಯಾಟರಿದಮ್ಮ. ಕರೆಂಟ್ ಹೋದ್ರೂ ನಡೆಯುತ್ತೆ."

ಇನ್ನೊಂದು ಹೇಳಿದರು. ಅರ್ಧ ಜನಕ್ಕೆ ಬರೀ ಸ್ಪಂಜು, ಕರೆಂಟೇ ಬಿಡಲ್ಲ. ಯಾರಿಗೆ ಯಾವುದು — ಸ್ಟಡಿ ಮುಗಿಯೋವರೆಗೆ ಅವರಿಗೂ ಗೊತ್ತಿರಲ್ಲವಂತೆ.

ಅತ್ತೆಗೆ ಬ್ಯಾಟರಿ ವಿಷಯ ಮಾತ್ರ ಹೇಳಿದೆ.

"ಇವನ ಸಿಟ್ಟಿಗೆ ಅಷ್ಟು ಸಾಕಾ? ಲಾರಿ ಬ್ಯಾಟರಿ ಬೇಕು!"

11 ಮಾರ್ಚ್

ಆಸ್ಪತ್ರೆ ಫಾರಂನಲ್ಲಿ ಕೇಳಿದ್ದಾರೆ: ಈ ವಾರ ಎಷ್ಟು ಸಲ ವಸ್ತು ಎಸೆದರು? ಎರಡು ಅಂತ ಬರೆದೆ. ರಿಮೋಟು, ಚಪ್ಪಲಿ. ಮುಂಚೆ ಅಷ್ಟು ಒಂದೇ ದಿನಕ್ಕೆ ಆಗ್ತಿತ್ತು.

20 ಮಾರ್ಚ್, ಭಾನುವಾರ, ಮಧ್ಯಾಹ್ನ 3

ಹತ್ತೂ ಮುಗೀತು.

ಈಗಷ್ಟೇ ಪಾಪು ಇವರ ಹೊಸ ಫೋನನ್ನ ನೀರಿನ ಬಕೆಟ್ಟಿಗೆ ಹಾಕಿದಳು. ಓಡಿಹೋಗಿ ಅವಳ ತಲೆ ಮೇಲೆ ಕೈ ಅಡ್ಡ ಇಟ್ಟೆ. ಇವರು ಎದ್ದರು. ಮುಷ್ಟಿ ಬಿಗಿ ಆಯ್ತು. ನನ್ನ ಕೈ ನೋಡಿದರು... ಹಾಗೇ ನೆಲದ ಮೇಲೆ ಕೂತುಬಿಟ್ಟರು.

"ಸೌಮ್ಯ, ಅಕ್ಕಿ ಡಬ್ಬ ಕೊಡು. ಒದ್ದೆ ಫೋನ್ ಅದ್ರಲ್ಲಿ ಹೂತಿಡಬೇಕು."

ಅತ್ತೆ: "ಯಾಕ್ಲಾ ಲೋಕೇಶ, ಮೊಳಕೆ ಬತ್ತದಾ?"

ನಕ್ಕರು. ಇವರು ನಕ್ಕರು!

"ಪಾಪೂನ ಕೊಡಿಲ್ಲಿ. ನೀನು ಮಲ್ಕೋ ಹೋಗು."

ಕೊಟ್ಟೆ.

3:20

ಬರೀ ಸ್ಪಂಜೋ, ಕರೆಂಟೋ. ಡಾಕ್ಟರು ಹೇಳಿದಾಗ ಹೇಳಲಿ. ಆಚೆ ಅಪ್ಪ ಮಗಳು ಆಡ್ತಿದ್ದಾರೆ. ಠಣ್ ಅಂತ ಸದ್ದು — ಎದ್ದು ಕೂತೆ. ಬಾಗಿಲ ಆಚೆಯಿಂದ ಇವರ ದನಿ:

"ಸ್ಟೀಲ್ ಲೋಟ ಕಣೇ. ಬಿದ್ದಿದ್ದು. ಎಸೆದಿದ್ದಲ್ಲ. ಮಲ್ಕೋ."

ಮಲಗ್ತೀನಿ. ಐದೇ ನಿಮಿಷ. ನಾಲ್ಕಕ್ಕೆ ಪಾಪುಗೆ ಹಾಲು ಬಿಸಿ ಮಾಡಿ ಅಂತ ಇವರಿಗೆ ಹೇಳ