ಶ್ರೀದೇವಿಯ ವಿಳಾಸ

ಮಾರ್ಚ್ 4, ಗಿರಾವೀನ್

ಮತ್ತೆ ಮೂರು ಫೈಲ್. ಮನೆ ಬಿಟ್ಟವರು, ನಂಬರ್ ಬದಲಿಸಿದವರು — ಹುಡುಕಿ ವಿಳಾಸ ಕೊಡುವುದೇ ಕೆಲಸ. ನಾರ್ವೆಸ್ಟ್‌ನ ಐಟಿ ಕೆಲಸ ಹೋದ ಮೇಲೆ ಸಿಕ್ಕಿದ್ದು ಇದೇ. ಮಗಳು ಅನಘಾ ತಿಂಡಿ ತಿನ್ನುತ್ತ, "ಡ್ಯಾಡ್, ಯು ಆರ್ ಬೇಸಿಕಲಿ ಎ ಬೌಂಟಿ ಹಂಟರ್" ಅಂದಳು. ತಲೆತಪ್ಪಿಸಿಕೊಂಡವರನ್ನು ಹಣಕ್ಕೆ ಹಿಡಿದುಕೊಡುವ ಅಮೆರಿಕದವನಿಗೆ ಗನ್ನು, ಕೈಕೋಳ. ನನಗೆ ಫೇಸ್‌ಬುಕ್ಕು, ಹಳೇ ಕೊರೊಲ್ಲಾ. ಆದರೂ ಒಳಗೊಳಗೇ ಖುಷಿಯಾಯಿತು.

ಮಾರ್ಚ್ 5

ಹೊಸ ಕ್ಲೈಂಟ್ ವಿಜಯ. ಬೆಳಗಾವಿಯವ, ಇಲ್ಲೇ ಹತ್ತಿರ ರೌಸ್ ಹಿಲ್‌ನಲ್ಲಿ ಮನೆ. ಹೆಂಡತಿ ಶ್ರೀದೇವಿ ಪುಟ್ಟ ಮಗಳು ಆದ್ಯಾಳನ್ನು ಕರೆದುಕೊಂಡು ಹೋಗಿಬಿಟ್ಟಿದ್ದಾಳೆ. ಮೆಲ್ಬರ್ನ್‌ನಲ್ಲಿರಬಹುದಂತೆ. "ಮಗಳ ಮಾರಿ ಒಮ್ಮೆ ನೋಡಿದ್ರ ಸಾಕ್ರೀ ಸರ..." ಅತ್ತುಬಿಟ್ಟ. ಹುಡುಕಿಕೊಡುತ್ತೇನೆ ಎಂದೆ. ನಮ್ಮವರ ಕೇಸನ್ನೆಲ್ಲ ಬಾಸ್ ಕ್ರೇಗ್ ನನ್ನ ತಲೆಗೇ ಕಟ್ಟುತ್ತಾನೆ.

ಮಾರ್ಚ್ 12

ಸಿಕ್ಕಂತೆಯೇ. ಫೇಸ್‌ಬುಕ್ಕಿನ ಮೆಲ್ಬರ್ನ್ ಕನ್ನಡ ಗ್ರೂಪಿನಲ್ಲಿ ಗೌರಕ್ಕ ಎಂಬಾಕೆ ಜೋಳದ ರೊಟ್ಟಿಗೆ ಆರ್ಡರ್ ಹಿಡಿಯುತ್ತಾರೆ. ರೊಟ್ಟಿ ಬಡಿಯುವವಳ ಹೆಸರಿಲ್ಲ. ಫೋಟೋದಲ್ಲಿ ಬಲಗೈ ಮಾತ್ರ — ವಿಜಯ ಹೇಳಿದ್ದ ಅದೇ ಹಚ್ಚೆ. ಫೋನ್ ಮಾಡಿ ನಮ್ಮ ಹುಬ್ಬಳ್ಳಿ ಮಾತಿನಲ್ಲೇ ರೊಟ್ಟಿ ಹೇಳಿದೆ. ಗೌರಕ್ಕ ಕರಗಿದರು. "ಆಕಿ ಮನಿ ಯಾರಿಗೂ ಹೇಳಂಗಿಲ್ರೀ. ನೀವು ನಮ್ಮ ಕಡೆಯವ್ರು, ಹೋಗಿ ಬಿಸಿ ರೊಟ್ಟಿನ ಇಸ್ಕೊಳ್ರಿ." ವಿಳಾಸ ಕೊಟ್ಟೇಬಿಟ್ಟರು. ಭಲೇ ಅಂತ ಬೆನ್ನು ತಟ್ಟಿಕೊಂಡೆ.

ಮಾರ್ಚ್ 14, ಟಾರ್ನೀಟ್, ಮೆಲ್ಬರ್ನ್. ಬೆಳಿಗ್ಗೆ

ಕಸದ ಬಿನ್ ಒಳಗೆಳೆಯಲು ಹೊರಬಂದಳು. ಅವಳೇ. ರೂಲಿನಂತೆ ಕಾರಿನಲ್ಲೇ ಕೂತು ಆ್ಯಪ್‌ನಲ್ಲಿ ಕನ್ಫರ್ಮ್ ಒತ್ತಿದೆ. ವಿಳಾಸ ನೇರ ಕ್ಲೈಂಟ್‌ಗೆ. ಮುಗಿಯಿತು. ರೊಟ್ಟಿ ಹೇಳಿದ್ದೇನಲ್ಲ, ಇಸಿದುಕೊಂಡು ಹೊರಡುವುದು.

ಮಧ್ಯಾಹ್ನ



ಚೈನ್ ಹಾಕಿದ ಬಾಗಿಲು. "ಹುಬ್ಬಳ್ಳಿಯವ್ರಿ, ರೊಟ್ಟಿಗೆ ಬಂದೀನಿ" ಅಂದ ಮೇಲೆ ತೆಗೆದಳು. ಕೂರಿಸಿ ಚಹಾ ಕೊಟ್ಟಳು. ಎಡ ಮಣಿಕಟ್ಟು ಸೊಟ್ಟಗೆ ಕೂಡಿದೆ, ಒಂದೇ ಕೈಯಲ್ಲಿ ಬಡಿಯುತ್ತಾಳೆ. ಏನಾಯಿತೆಂದು ಕೇಳಿದೆ. "ಬಾಗಲ್ದಾಗ ಸಿಕ್ಕಿತ್ರೀ."

ಚಿತ್ರ ಬರೆಯುತ್ತಿದ್ದ ಆದ್ಯಾ ತಲೆಯೆತ್ತದೆ, "ನೋ. ಡ್ಯಾಡಿ ಶಟ್ ಇಟ್ ಆನ್ ಹರ್" ಅಂದಳು.

ಹೊರಗೆ ಓಡಿ ಬಂದು ಕ್ರೇಗ್‌ಗೆ ಫೋನ್ ಮಾಡಿ, ಕಳಿಸಿದ ವಿಳಾಸ ವಾಪಸ್ ತೆಗೆಯಲಾಗುತ್ತದಾ ಎಂದು ಕೇಳಿದೆ. "ಸೆಂಟ್ ಈಸ್ ಸೆಂಟ್, ಮೇಟ್." ಅಷ್ಟರಲ್ಲೇ ವಿಜಯನ ಮೆಸೇಜು — ಥ್ಯಾಂಕ್ಸ್ ಸರ, ವಿಳಾಸ ಈಗ ನೋಡೀನಿ, ನಿನ್ನೇನ ಮೆಲ್ಬರ್ನ್‌ಗೆ ಬಂದೀನಿ, ಟ್ಯಾಕ್ಸಿ ಹತ್ತೀನಿ.

ಪೊಲೀಸರಿಗೆ ಹೇಳಿದ್ದೇನೆ. ಬರುತ್ತಾರಂತೆ.

ಸ್ವಲ್ಪ ಹೊತ್ತಿನ ಮೇಲೆ

ಒಳಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಬೈಯಲಿಲ್ಲ. ಒಲೆ ಆರಿಸಿದಳು. "ನಮ್ಮ ಮಾತು ಕೇಳಿ ಬಾಗಲಾ ತಗದ್ನಲ್ರೀ, ಅಣ್ಣಾ."

ಕಾರು ಹತ್ತಿ, ಎಲ್ಲಿಗೆ ಬೇಕೋ ಬಿಡುತ್ತೇನೆ ಎಂದು ಬೇಡಿಕೊಂಡೆ.

"ನಿಮ್ಮ ಕಾರಿನ್ಯಾಗ ಬರಂಗಿಲ್ಲ. ಟ್ಯಾಕ್ಸಿಗೆ ಹೇಳೀನಿ."

ಸರಿಯೇ. ನಾನಾಗಿದ್ದರೂ ಹತ್ತುತ್ತಿರಲಿಲ್ಲ.

ಮನೆಯೆದುರು ಕೂತು ಫೋನಿನಲ್ಲಿ ಇದನ್ನು ಗೀಚುತ್ತಿದ್ದೇನೆ. ಸುಮ್ಮನಿದ್ದರೆ ತಲೆ ಕೆಡುತ್ತದೆ. ಬಾಗಿಲ ಬಳಿ ಎರಡು ಬ್ಯಾಗು. ಆದ್ಯಾ ಶೂ ಹಾಕಿಕೊಂಡು ನಿಂತಿದ್ದಾಳೆ. ಪೊಲೀಸರು ಇನ್ನೂ ಇಲ್ಲ...

ತಿರುವಿನಲ್ಲಿ ಟ್ಯಾಕ್ಸಿ. ಖಾಲಿ ಇರಲಪ್ಪಾ ದೇವರೇ. ನಿಧಾನವಾಗಿ ಮನೆ ನಂಬರ್ ನೋಡುತ್ತ ಬರುತ್ತಿದೆ. ಹಿಂದಿನ ಸೀಟಿನಲ್ಲಿ ಯಾರೋ—